ಕೇಪಿನ ಕೋವಿಗೂ ಅಳತೆ ಬೇಕು: ಅಂದಾಜಿನ ಮದ್ದು, ಸಿಕ್ಕಿದ ಗುಂಡು ಸಾಕು ಮಾಡೋಣ

ಅಡಿಕೆಗೆ ಬೋರ್ಡೋ ದ್ರಾವಣ ತಯಾರಿಸುವಾಗ ನಮ್ಮವರ ಎಚ್ಚರಿಕೆ ನೋಡಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ತೂಗಿ, ಬೇರೆ ಬೇರೆ ಕರಗಿಸಿ, ಕೊನೆಗೆ ಕತ್ತಿಯ ತುದಿ ಅದ್ದಿ ತಾಮ್ರದ ಬಣ್ಣ ಹಿಡಿಯುತ್ತದೋ ಅಂತ ಪರೀಕ್ಷೆ ಮಾಡ್ತಾರೆ. ಐವತ್ತು ಗ್ರಾಂ ಆಚೀಚೆ ಆದರೆ ಮನಸ್ಸಿಗೆ ಸಮಾಧಾನ ಇಲ್ಲ.

ಅದೇ ಮನೆಯಲ್ಲಿ ಕೇಪಿನ ಕೋವಿಗೆ ಮದ್ದು ಎಷ್ಟು ಹಾಕ್ತೀರಿ ಅಂತ ಕೇಳಿ. ಅಂಗೈ ಚಾಚಿ ತೋರಿಸ್ತಾರೆ. "ಇಷ್ಟ್ ಕಾಣಿ. ಹಂದಿಗಾರೆ ಇನ್ನೊಂದ್ ಚೂರ್ ಜಾಸ್ತಿ." ಗುಂಡು ಯಾವುದು ಅಂತ ಕೇಳಿದರೆ ಉತ್ತರ ಇನ್ನೂ ಸುಲಭ: "ಎಂತ ಸಿಕ್ತೋ ಅದ್."

ಮರದ ಕೊಳೆರೋಗಕ್ಕೆ ಇರುವ ಅಳತೆ, ನಮ್ಮ ಮುಖದ ಪಕ್ಕದಲ್ಲೇ ಸಿಡಿಯುವ ಮದ್ದಿಗೆ ಇಲ್ಲ. ಈ ವಾರ ಅದರ ಬಗ್ಗೆಯೇ ಬರೆಯುತ್ತೇನೆ. ಸಾವಯವ ಕೃಷಿಕನಿಗೆ ಕೋವಿಯ ಉಸಾಬರಿ ಯಾಕೆ ಅಂತ ಕೆಲವರಿಗೆ ಅನಿಸಬಹುದು. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಉಂಟು.

ತಾಗಿತ್ತು, ಬೀಳಲಿಲ್ಲ

ಆರು ವರ್ಷದ ಹಿಂದಿನ ಮಾತು. ಕಾರ್ತಿ ಬೆಳೆ ಕೊಯ್ಲಿಗೆ ಬಂದಿತ್ತು. ಎಂಒ4 ಭತ್ತ, ತೆನೆ ಬಾಗಿ ನಿಂತಿದೆ. ಮೂರು ರಾತ್ರಿಯಲ್ಲಿ ಹಂದಿಗಳು ಅರ್ಧ ಗದ್ದೆ ಹೊರಳಿ ಹಾಕಿದವು. ತಿಂದದ್ದು ಕಡಿಮೆ, ಮಲಗಿಸಿದ್ದು ಹೆಚ್ಚು. ಅಪ್ಪಯ್ಯನ ಹೆಸರಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಇತ್ತು, ಹಂದಿ ಹೊಡೆಯಲಿಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿಯೂ ಕೈಯಲ್ಲಿತ್ತು. ಇಲ್ಲದಿದ್ದದ್ದು ಸರಿಯಾದ ಗುಂಡು. ಡಬ್ಬಿಯಲ್ಲಿ ಹಳೆಯ ಚರೆ ನಾಲ್ಕೇ ನಾಲ್ಕು ಉಳಿದಿತ್ತು. ಸೈಕಲ್ ಬೇರಿಂಗಿನ ಬಾಲುಗಳನ್ನು ಹುಡುಕಿ ತಂದುಕೊಟ್ಟವನು ನಾನೇ. ತೋಟಗಾರಿಕೆ ಪದವಿ ಓದಿ ಬಂದವನು!

ಅಪ್ಪಯ್ಯ ಈಡು ಹೊಡೆದರು. ಹಂದಿ ಕಿರುಚಿತು, ಎದ್ದು ಹಾಡಿಗೆ ನುಗ್ಗಿತು. ಬೆಳಿಗ್ಗೆ ಹುಡುಕಿದರೆ ಅಂಚಿನ ಮೇಲೆ ಎರಡು ಹನಿ ರಕ್ತ, ಅಷ್ಟೇ. ಮೂರನೆಯ ದಿನ ಆಚೆಮನೆಯ ಅಕ್ಕ ತರಗೆಲೆ ಗುಡಿಸಲು ಅದೇ ಹಾಡಿಗೆ ಹೋದರು. ಪೊದೆಯಲ್ಲಿ ಮಲಗಿದ್ದ ಹಂದಿ ಒಮ್ಮೆಗೇ ಬಂದು ತೊಡೆ ಸೀಳಿತು. ಅವರು ಬದುಕಿದ್ದೇ ಪುಣ್ಯ. ಇವತ್ತಿಗೂ ಮೆಟ್ಟಿಲು ಹತ್ತುವಾಗ ಕಾಲು ಎಳೆಯುತ್ತಾರೆ. ಹಂದಿ ಮರುದಿನ ತೋಡಿನ ಬದಿಯಲ್ಲಿ ಸತ್ತು ಬಿದ್ದಿತ್ತು. ಹೊಟ್ಟೆಯ ಗಾಯದಲ್ಲಿ ಹುಳ ಆಗಿತ್ತು.

ಅಪ್ಪಯ್ಯ ಹೇಳಿದ್ದು ಒಂದೇ ಮಾತು: "ತಪ್ಪಿ ಹೋಗಿದ್ರೆ ಒಳ್ಳೇದಿತ್ತ್ ಮಾರಾಯ."

ನನ್ನ ವಾದ ಇಷ್ಟೇ. ಕೋವಿ ಹಿಡಿಯುವ ಕೃಷಿಕ ಮದ್ದು, ಗುಂಡು, ದೂರ ಈ ಮೂರಕ್ಕೂ ಅಳತೆ ಇಟ್ಟುಕೊಳ್ಳಬೇಕು. ಅಳತೆ ಇಲ್ಲದಿದ್ದರೆ ಗುಂಡು ಹಾಕಲೇಬಾರದು. ಅರೆಬರೆ ತಾಗಿದ ಈಡಿಗಿಂತ ಹೊಡೆಯದೆ ಬಿಟ್ಟದ್ದು ಎಷ್ಟೋ ಮೇಲು.

ನಮ್ಮ ಕೈಗೆ ಈ ಕೋವಿ ಯಾಕೆ ಬಂತು?

ಕುಂದಾಪುರದ ಸಿದ್ದಾಪುರ, ಅಮಾಸೆಬೈಲು ಕಡೆ, ಬೈಂದೂರಿನ ಕೊಲ್ಲೂರು, ಜಡ್ಕಲ್ ಕಡೆ, ಬ್ರಹ್ಮಾವರದ ಕೊಕ್ಕರ್ಣೆ ಕಡೆ ಹಳೆಯ ಕೃಷಿಕರ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಒಂಟಿ ನಳಿಗೆಯ ಕೇಪಿನ ಕೋವಿ. ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ, ಕೋಲಿನಿಂದ ಜಡಿದು, ಹಿಂದೆ ಕೇಪು ಸಿಕ್ಕಿಸುವಂಥದ್ದು. ಇದು ಕೇವಲ ಅಜ್ಜನ ಕಾಲದ ಪಳೆಯುಳಿಕೆ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನೇ ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಯನ್ನು ಹೆಸರಿಸಿ ಹೇಳುತ್ತದೆ. ಅದರ ಜತೆ ಒಂದು ವಿನಾಯಿತಿಯೂ ಉಂಟು: ಬೆಳೆ ರಕ್ಷಣೆಗೆ ಅಂಥ ಕೋವಿ ಸಾಲದು ಅಂತ ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, ನುಣುಪು ನಳಿಗೆಯ ಬೇರೆ ಕೋವಿಗೆ, ಅಂದರೆ ತೋಟಾ ಕೋವಿಗೆ, ಲೈಸೆನ್ಸ್ ಕೊಡಬಹುದು. ಈ ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೇನೆ.

ನುಣುಪು ನಳಿಗೆ ಅಂದರೆ ಒಳಗೆ ಸುರುಳಿ ಗೀರು ಇಲ್ಲದ್ದು. ರೈಫಲಿನಲ್ಲಿ ಆ ಗೀರು ಗುಂಡನ್ನು ಬುಗುರಿಯಂತೆ ತಿರುಗಿಸುತ್ತದೆ, ಹಾಗಾಗಿ ಗುಂಡು ನೆಟ್ಟಗೆ ಹೋಗುತ್ತದೆ. ನಮ್ಮ ಕೋವಿಯಲ್ಲಿ ಗುಂಡು ತಿರುಗುವುದಿಲ್ಲ. ಸ್ವಲ್ಪ ದೂರ ಸರಿ ಹೋಗಿ ಆಮೇಲೆ ತನಗೆ ಬೇಕಾದ ಕಡೆ ಹೋಗುತ್ತದೆ. ಎಷ್ಟು ಮದ್ದು ಸುರಿದರೂ ಈ ಗುಣ ಬದಲಾಗುವುದಿಲ್ಲ.

ಈಗ ಮೊಬೈಲಿನಲ್ಲಿ ಅಮೆರಿಕದವರ ವಿಡಿಯೊ ನೋಡಿ ನಮ್ಮ ಹುಡುಗರು ಲೆಕ್ಕ ಹಾಕುವುದುಂಟು. ಅವರದ್ದೂ ಬಾಯಿಯಿಂದ ತುಂಬುವ ಕೋವಿಯೇ. ಆದರೆ ಒಳಗೆ ಗೀರು ಉಂಟು, ಈ ಕಾಲದ ಗಟ್ಟಿ ಉಕ್ಕಿನ ನಳಿಗೆ ಉಂಟು, ಪ್ಲಾಸ್ಟಿಕ್ ಕವಚದಲ್ಲಿ ಕೂತ ಮೊನಚು ಗುಂಡು ಉಂಟು, ಮೇಲೆ ದುರ್ಬೀನು ಬೇರೆ. ಅಲ್ಲಿ 150 ಗ್ರೇನ್ ತನಕ, ಅಂದರೆ ಹತ್ತಿರ ಹತ್ತಿರ 10 ಗ್ರಾಂ ಮದ್ದು ಹಾಕಬಹುದೆಂದು ತಯಾರಕರೇ ಹೇಳುವ ಕೋವಿಗಳಿವೆ. ಆ ಲೆಕ್ಕವನ್ನು ನಮ್ಮ ಅಟ್ಟದ ಕೋವಿಗೆ ಹಾಕಿದರೆ ಹಂದಿಗಿಂತ ಮೊದಲು ನಮ್ಮ ಕೈ ಹೋಗುತ್ತದೆ. ಕವಚದ ಗುಂಡಿಗೆ ಗೀರು ಬೇಕೇ ಬೇಕು. ಅದಿಲ್ಲದ ನಳಿಗೆಯಲ್ಲಿ ಮೊನಚು ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ನಮ್ಮ ಕೋವಿಗೆ ಉರುಟು ಗುಂಡೇ ಸರಿ.

ಮದ್ದು: ಜಾತಿ, ಕಾಳು, ಅಳತೆ

ಮೊದಲ ಮಾತು, ಕೇಪಿನ ಕೋವಿಗೆ ಕರಿಮದ್ದು ಮಾತ್ರ. ತೋಟಾದ ಒಳಗಿರುವ ಹೊಗೆರಹಿತ ಮದ್ದು ನೋಡಲಿಕ್ಕೆ ಹೆಚ್ಚು ಕಡಿಮೆ ಹಾಗೇ ಕಾಣಬಹುದು, ಆದರೆ ಅದರ ಒತ್ತಡ ಏರುವ ರೀತಿಯೇ ಬೇರೆ. ಹಳೆಯ ತೋಟಾ ಒಡೆದು ಆ ಮದ್ದನ್ನು ಕೇಪಿನ ಕೋವಿಗೆ ಸುರಿದರೆ ನಳಿಗೆ ಬಾಳೆಹಣ್ಣಿನ ಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತದೆ. "ಸ್ವಲ್ಪವೇ ಹಾಕಿದರಾಯ್ತು" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಎರಡನೆಯದು, ಮನೆಯಲ್ಲಿ ಕುಟ್ಟಿದ ಮದ್ದು, ಪಟಾಕಿಯಿಂದ ತೆಗೆದ ಮದ್ದು ಎರಡೂ ಬೇಡ. ಅದು ಅಪರಾಧ ಅನ್ನುವುದು ಒಂದು ಕಡೆ ಇರಲಿ. ಗುರಿಯ ಲೆಕ್ಕದಲ್ಲಿ ನೋಡಿದರೂ ಅದು ಪ್ರಯೋಜನಕ್ಕಿಲ್ಲ. ಒಂದು ಸಲದ್ದು ಮತ್ತೊಂದು ಸಲದ್ದರ ಹಾಗೆ ಇರುವುದಿಲ್ಲ. ಇವತ್ತಿನ ಐದು ಗ್ರಾಂ ಸುಮ್ಮನೆ ಹೊಗೆ ಕಾರಿದರೆ, ಮುಂದಿನ ತಿಂಗಳಿನ ಐದು ಗ್ರಾಂ ಹೆಗಲು ಮುರಿಯುತ್ತದೆ. ಲೈಸೆನ್ಸ್ ಇರುವ ಅಂಗಡಿಯ ಮದ್ದು, ಲೈಸೆನ್ಸ್ ಪುಸ್ತಕದಲ್ಲಿ ಬರೆದಷ್ಟೇ ಪ್ರಮಾಣ. ಬಿಲ್ಲು ಇಟ್ಟುಕೊಳ್ಳಿ.

ಮೂರನೆಯದು ಕಾಳಿನ ಗಾತ್ರ. ಕರಿಮದ್ದು ಸಕ್ಕರೆಯಂತೆ ದಪ್ಪ, ಸಣ್ಣ ಅಂತ ಬೇರೆ ಬೇರೆ ಕಾಳಾಗಿ ಬರುತ್ತದೆ. ಸಣ್ಣ ಕಾಳು ಬೇಗ ಉರಿಯುತ್ತದೆ, ಒತ್ತಡ ಬೇಗ ಏರುತ್ತದೆ. ಅಗಲ ಬಾಯಿಯ ನಮ್ಮ ನಳಿಗೆಗೆ ದಪ್ಪ ಕಾಳು ಹೊಂದುತ್ತದೆ. ಕಾಳು ಬದಲಾದರೆ ಹಳೆಯ ಅಳತೆ ರದ್ದು ಅಂತಲೇ ತಿಳಿಯಿರಿ.

ಇನ್ನು ಪ್ರಮಾಣ. ಹಳೆಯ ಇಂಗ್ಲಿಷ್ ಲೆಕ್ಕದಲ್ಲಿ 12 ಬೋರಿನ ಕೋವಿಗೆ ಮೂರು ಡ್ರಾಮ್ ಕರಿಮದ್ದು, ಅಂದರೆ ಸುಮಾರು 5.3 ಗ್ರಾಂ, ಅದಕ್ಕೆ 32 ಗ್ರಾಂ ಸೀಸ. ಇದು ಪರೀಕ್ಷೆಯ ಮುದ್ರೆ ಇರುವ, ತುಕ್ಕು ಹಿಡಿಯದ ಗಟ್ಟಿ ನಳಿಗೆಯ ಲೆಕ್ಕ. ಲೆಕ್ಕದ ಗಾತ್ರ ತಿಳಿಯಲಿ ಅಂತ ಬರೆದೆ, ಇದನ್ನೇ ತಂದು ಸುರಿಯಿರಿ ಅಂತ ಅಲ್ಲ. ನಮ್ಮ ಕೋವಿಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಕೆಲವು ನಳಿಗೆ ಒಳಗಿನಿಂದ ತಿಂದು ಹೋಗಿ ಕಾಗದದಷ್ಟಾಗಿರುತ್ತದೆ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಲ್ಲಿ ನಳಿಗೆ ತೋರಿಸಿ, ಅವರು ಹೇಳಿದ ಪ್ರಮಾಣದಿಂದ, ಅದೂ ಕೆಳಗಿನಿಂದ ಶುರು ಮಾಡಬೇಕು. ಅವರು "ಇದ್ ಗೋಡೆಗೆ ತೂಗ್ ಹಾಕುಕೇ ಸಮ" ಅಂದರೆ ಅದನ್ನು ಒಪ್ಪಿಕೊಳ್ಳಬೇಕು.

ಪ್ರಮಾಣ ಗೊತ್ತಾದ ಮೇಲೆ ಅದಕ್ಕೆ ಸರಿಯಾಗಿ ಒಂದು ಹಿತ್ತಾಳೆಯ ಅಳತೆ ಮಾಡಿಸಿಕೊಳ್ಳಿ. ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬೇಡಿ. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಇಡೀ ಡಬ್ಬಿ ಹಿಡಿದುಕೊಳ್ಳುತ್ತದೆ. ಅಳತೆಯಿಂದ ಮಾತ್ರ ಸುರಿಯಬೇಕು.

ನಮ್ಮ ಊರಿನ ಮುಖ್ಯ ಶತ್ರು ತೇವ. ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಮದ್ದು ತೇವ ಎಳೆಯುತ್ತದೆ. ಆಗ ಈಡು ಮೆತ್ತಗಾಗುತ್ತದೆ. ನಾವು ಏನು ಮಾಡ್ತೇವೆ? ಇನ್ನೊಂದು ಚಮಚ ಸೇರಿಸ್ತೇವೆ. ಅದೇ ಅಭ್ಯಾಸ ಸುಗ್ಗಿಯ ಒಣ ದಿನಕ್ಕೂ ಮುಂದುವರಿಯುತ್ತದೆ, ಆಗ ಮದ್ದು ಹೊಸ ಡಬ್ಬಿಯದ್ದಾಗಿರುತ್ತದೆ. ಮದ್ದು ತೇವ ಆಗಿದೆ ಅನಿಸಿದರೆ ಪ್ರಮಾಣ ಹೆಚ್ಚಿಸುವುದಲ್ಲ, ಆ ಮದ್ದನ್ನೇ ಬಿಡಬೇಕು. ಒಲೆಯ ಹತ್ತಿರ ಒಣಗಿಸುವ ಸಾಹಸ ಬೇಡವೇ ಬೇಡ.

ಗುಂಡು: ಒಂದೇ, ಉರುಟು, ಮೆತ್ತನೆಯ ಸೀಸ

12 ಬೋರು ಅಂದರೆ ಏನು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಪೌಂಡು, ಅಂದರೆ 454 ಗ್ರಾಂ ಸೀಸದಲ್ಲಿ ಸಮನಾದ 12 ಉರುಟು ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪ ಇರುತ್ತದೋ, ಅಷ್ಟು ಅಗಲದ ನಳಿಗೆ. ಲೆಕ್ಕ ಹಾಕಿದರೆ ಒಂದು ಗುಂಡು ಸುಮಾರು 38 ಗ್ರಾಂ, ಅಡ್ಡಳತೆ ಸುಮಾರು 18.5 ಮಿಲಿಮೀಟರು. ನಮ್ಮಲ್ಲಿ 12 ಬೋರು ಅಂತ ಹೇಳುವ ಎಷ್ಟೋ ಕೋವಿಗಳ ಬಾಯಿ ನಿಜವಾಗಿ ಅದಕ್ಕಿಂತ ಹೆಚ್ಚೋ ಕಡಿಮೆಯೋ ಇರುತ್ತದೆ. ಹಾಗಾಗಿ ಅಂದಾಜು ಬೇಡ. ಕ್ಯಾಲಿಪರಿನಲ್ಲಿ ಬಾಯಿ ಅಳೆದು, ಅದಕ್ಕಿಂತ ತುಸು ಸಣ್ಣ ಗುಂಡು ಆರಿಸಬೇಕು. ಉಳಿದ ಜಾಗ ತುಂಬಲಿಕ್ಕೆ ಗುಂಡಿನ ಸುತ್ತ ಬಟ್ಟೆ.

ಆ ಬಟ್ಟೆ ಹತ್ತಿಯದ್ದೇ ಆಗಬೇಕು. ಪಾಲಿಯೆಸ್ಟರ್ ಸೀರೆಯ ತುಂಡು ಒಳಗೆ ಕರಗಿ ಅಂಟುತ್ತದೆ. ಜೇನುಮೇಣಕ್ಕೆ ಸ್ವಲ್ಪ ತೆಂಗಿನೆಣ್ಣೆ ಸೇರಿಸಿ ಬಟ್ಟೆಗೆ ತೆಳುವಾಗಿ ಸವರಿದರೆ ಕರಿಮದ್ದಿನ ಮಸಿ ಮೆತ್ತಗೆ ಉಳಿಯುತ್ತದೆ. ಗಾಡಿಯ ಗ್ರೀಸು ಹಾಕಿದರೆ ಟಾರಿನ ಹಾಗೆ ಗಟ್ಟಿಯಾಗುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಒಂದು ರಟ್ಟಿನ ಬಿಲ್ಲೆ ಇದ್ದರೆ ಎಣ್ಣೆ ಮದ್ದಿಗೆ ಇಳಿಯುವುದಿಲ್ಲ. ಹಿಂದಿನವರು ತೆಂಗಿನ ನಾರು ಜಡಿಯುತ್ತಿದ್ದರು. ಕೆಲಸ ಆಗುತ್ತದೆ, ಆದರೆ ಫೆಬ್ರವರಿ–ಮಾರ್ಚಿನಲ್ಲಿ ಗೇರುಗುಡ್ಡೆಯ ಒಣ ಹುಲ್ಲಿಗೆ ಆ ಉರಿಯುವ ನಾರು ಬಿದ್ದರೆ ಹಂದಿಗಿಂತ ದೊಡ್ಡ ನಷ್ಟ.

ಬೇರಿಂಗು, ಮೊಳೆ, ಸರಳಿನ ತುಂಡು ಯಾಕೆ ಬೇಡ? ಒಂದು, ಗಟ್ಟಿ ಉಕ್ಕು ನಳಿಗೆಯನ್ನು ಗೀರುತ್ತದೆ, ಕೆಲವೊಮ್ಮೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಎರಡು, ಅದೇ ಗಾತ್ರದ ಸೀಸಕ್ಕಿಂತ ಉಕ್ಕು ಹಗುರ. ಸೀಸ ನೀರಿನ 11 ಪಟ್ಟಿಗಿಂತ ಹೆಚ್ಚು ಭಾರ, ಉಕ್ಕು 8 ಪಟ್ಟಿನ ಹತ್ತಿರ. ಹಗುರ ಚೂರು ಬೇಗ ವೇಗ ಕಳಕೊಂಡು ಚರ್ಮದ ಕೆಳಗೇ ನಿಲ್ಲುತ್ತದೆ. ಮೂರು, ಒಂದೊಂದು ಚೂರು ಒಂದೊಂದು ಕಡೆ ಹಾರುತ್ತದೆ. ದೊಡ್ಡ ಗಂಡು ಹಂದಿಯ ಹೆಗಲ ಮೇಲೆ ದಪ್ಪ ಚಿಪ್ಪಿನಂಥ ಚರ್ಮ ಉಂಟು, ಕೆಳಗೆ ಕೊಬ್ಬು. ಸಣ್ಣ ಗಾಯವನ್ನು ಆ ಕೊಬ್ಬೇ ಮುಚ್ಚಿಬಿಡುತ್ತದೆ, ರಕ್ತದ ಜಾಡೂ ಸಿಗುವುದಿಲ್ಲ. ನಮಗೆ ಅಂಚಿನಲ್ಲಿ ಎರಡೇ ಹನಿ ಸಿಕ್ಕಿದ್ದು ಅದಕ್ಕೇ.

ದೊಡ್ಡ ಚರೆ ಹಾಕಬಹುದಲ್ಲ ಅಂತ ಕೇಳಬಹುದು. ಎಸ್‌ಜಿ ಚರೆ ಒಂದು ಸುಮಾರು ಮೂರೂವರೆ ಗ್ರಾಂ. 25 ಮೀಟರು ದೂರಕ್ಕೆ ಚರೆಯ ಗುಂಪು ಸುಮಾರು ಎರಡು ಅಡಿ ಹರಡಿಕೊಳ್ಳುತ್ತದೆ. ಒಂಬತ್ತರಲ್ಲಿ ಎರಡು ಹೊಟ್ಟೆಗೆ, ಒಂದು ಕಾಲಿಗೆ, ಉಳಿದದ್ದು ಗದ್ದೆಗೆ. ಇದು ಹಂದಿಯನ್ನು ಬೀಳಿಸುವ ಲೆಕ್ಕ ಅಲ್ಲ, ನರಳಿಸುವ ಲೆಕ್ಕ. ಭಾರದ ಒಂದೇ ಗುಂಡು ಸರಿಯಾದ ಜಾಗಕ್ಕೆ ಹೋದರೆ ಹಂದಿ ಅಲ್ಲೇ ಬೀಳುತ್ತದೆ. ತಪ್ಪಿದರೆ ಪೂರ್ತಿ ತಪ್ಪುತ್ತದೆ. ಅರ್ಧಂಬರ್ಧ ಆಗುವುದು ಕಡಿಮೆ.

ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕೂತಿರಬೇಕು. ನಡುವೆ ಗಾಳಿಯ ಜಾಗ ಬಿಟ್ಟು ಅರ್ಧದಲ್ಲೇ ಗುಂಡು ನಿಂತರೆ ನಳಿಗೆ ಅಲ್ಲಿಯೇ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ. ಇದಕ್ಕೆ ಸುಲಭ ಉಪಾಯ ಉಂಟು. ಖಾಲಿ ಕೋವಿಗೆ ಜಡಿಯುವ ಕೋಲು ಇಳಿಸಿ, ಬಾಯಿಯ ಮಟ್ಟಕ್ಕೆ ಒಂದು ಗೀಟು ಹಾಕಿ. ಸರಿಯಾದ ಅಳತೆಯಲ್ಲಿ ತುಂಬಿದ ಮೇಲೆ ಮತ್ತೊಂದು ಗೀಟು. ಕೋಲು ಮೊದಲ ಗೀಟಿಗೆ ಬಂದರೆ ಖಾಲಿ, ಎರಡನೆಯದಕ್ಕೆ ಬಂದರೆ ಸರಿಯಾಗಿ ತುಂಬಿದೆ, ಅದಕ್ಕಿಂತ ಮೇಲೆ ನಿಂತರೆ ಗುಂಡು ಕೆಳಗೆ ಕೂತಿಲ್ಲ ಅಥವಾ ಎರಡು ಸಲ ತುಂಬಿದ್ದೀರಿ. ನಾಲ್ಕಾಣೆ ಖರ್ಚಿಲ್ಲದ ಈ ಎರಡು ಗೀಟು ಜೀವ ಉಳಿಸುತ್ತದೆ. ಅಜ್ಜ ಯಾವಾಗಲೋ ತುಂಬಿಸಿಟ್ಟ ಕೋವಿಯನ್ನು ಖಾಲಿ ಅಂದುಕೊಂಡು ಒರೆಸಲಿಕ್ಕೆ ಇಳಿಸುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಚುನಾವಣೆ ಬಂದಾಗ ಠಾಣೆಯಲ್ಲಿಟ್ಟು ವಾಪಸ್ ತಂದ ಕೋವಿಗೂ ಮೊದಲು ಕೋಲು ಇಳಿಸಿ ನೋಡಿ, ಒಳಗಿನ ತುಕ್ಕು ನೋಡಿ, ಆಮೇಲೆ ಮುಂದಿನ ಮಾತು.

ದೂರ: ಒಂದು ತೆಂಗಿನಕಾಯಿಯ ಲೆಕ್ಕ

ಆ ಘಟನೆಯ ನಂತರ ಅಪ್ಪಯ್ಯ ಒಂದು ವರ್ಷ ಕೋವಿ ಮುಟ್ಟಲಿಲ್ಲ. ಆಮೇಲೆ ನಳಿಗೆ ತೋರಿಸಿ, ಅಳತೆ ಮಾಡಿಸಿ, ಠಾಣೆಗೆ ತಿಳಿಸಿ, ಒಂದು ಬೆಳಿಗ್ಗೆ ನಮ್ಮ ಜಾಗದ ಎತ್ತರದ ಮಣ್ಣಿನ ದರೆಯ ಎದುರು ಪರೀಕ್ಷೆ ಮಾಡಿದೆವು. ಮುರಕಲ್ಲಿನ ಕ್ವಾರಿ ಬೇಡ, ಗುಂಡು ಚಿಮ್ಮಿ ವಾಪಸ್ ಬರಬಹುದು. ಗೋಣಿಯ ಮೇಲೆ ಸಿಪ್ಪೆ ಸಹಿತ ತೆಂಗಿನಕಾಯಿಯಷ್ಟು ದೊಡ್ಡ ವೃತ್ತ ಬರೆದೆವು. ಹಂದಿಯ ಹೃದಯ, ಶ್ವಾಸಕೋಶದ ಜಾಗ ಹೆಚ್ಚು ಕಡಿಮೆ ಅಷ್ಟೇ. ಅಪ್ಪಯ್ಯ ಹೊಡೆದರು, ನಾನು ಮದ್ದು ಅಳೆದು ಪುಸ್ತಕದಲ್ಲಿ ಬರೆದೆ. ಪ್ರತಿ ಈಡಿನ ನಂತರ ಒದ್ದೆ ಬಟ್ಟೆ, ಒಣ ಬಟ್ಟೆ ಇಳಿಸಿದೆವು.

15 ಮೀಟರಿನಲ್ಲಿ ಐದಕ್ಕೆ ಐದೂ ವೃತ್ತದೊಳಗೆ. 25 ಮೀಟರಿನಲ್ಲಿ ಐದಕ್ಕೆ ನಾಲ್ಕು. 40 ಮೀಟರಿನಲ್ಲಿ ಒಂದು ಗುಂಡು ಗೋಣಿಗೇ ತಾಗಲಿಲ್ಲ. ಮದ್ದು ಸ್ವಲ್ಪ ಇಳಿಸಿದಾಗ 25 ಮೀಟರಿನಲ್ಲೂ ಐದಕ್ಕೆ ಐದು ಬಂತು. ಹೌದು, ಇಳಿಸಿದಾಗ. ನಮ್ಮ ಕೋವಿಗೆ ಆ ಪ್ರಮಾಣವೇ ಹಿತ. ನಿಮ್ಮ ಕೋವಿಗೆ ಬೇರೆಯೇ ಇರುತ್ತದೆ.

ಇದರಿಂದ ನಾನು ಕಲಿತ ನಿಯಮ: ಐದಕ್ಕೆ ಐದೂ ತೆಂಗಿನಕಾಯಿಯ ಒಳಗೆ ಬೀಳುವ ದೂರವೇ ನಿಮ್ಮ ದೂರ. ಅದಕ್ಕಿಂತ ಒಂದು ಹೆಜ್ಜೆ ಆಚೆ ಹಂದಿ ನಿಂತಿದ್ದರೆ ಅದು ನಿಮ್ಮ ಹಂದಿ ಅಲ್ಲ. ಗದ್ದೆಯ ಅಂಚಿನಲ್ಲಿ ಹಗಲು ಹೊತ್ತೇ ಆ ದೂರಕ್ಕೆ ಒಂದು ಗೂಟ ಹುಗಿದು ಬಿಡಿ. ರಾತ್ರಿಯ ಕಣ್ಣಿಗೆ ಎಲ್ಲವೂ ಹತ್ತಿರವೇ ಕಾಣುವುದು.

ಗುಂಡು ಹಂದಿಯನ್ನು ತಪ್ಪಿದರೆ ಎಲ್ಲಿಗೆ ಹೋಗುತ್ತದೆ? ಅರ್ಧ ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ನಮ್ಮಲ್ಲಿ ಮನೆಗಳು ಒಂದು ಕಡೆ ಗುಂಪಾಗಿಲ್ಲ. ಗದ್ದೆಗೊಂದು, ಹಾಡಿಗೊಂದು. ನವೆಂಬರಿನಿಂದ ಮೇ ತಿಂಗಳ ತನಕ ಮಂದಾರ್ತಿ ಮೇಳದ್ದೋ ಮಾರಣಕಟ್ಟೆ ಮೇಳದ್ದೋ ಆಟ ನೋಡಿ ನಡುರಾತ್ರಿ ಅಂಚಿನ ಮೇಲೆ ನಡೆದು ಬರುವವರು ಇರ್ತಾರೆ. ಹಂದಿ ಅಂತ ಮನುಷ್ಯನಿಗೆ ಹೊಡೆದ ಸುದ್ದಿ ಪೇಪರಿನಲ್ಲಿ ನಾವೆಲ್ಲ ಓದಿದವರೇ. ಪೂರ್ತಿ ಮೈ ಕಾಣದೆ, ಹಿಂದೆ ಮಣ್ಣಿನ ದರೆ ಇಲ್ಲದೆ ಹೊಡೆಯಬಾರದು. ಸಪ್ಪಳಕ್ಕೆ ಹೊಡೆಯುವುದು, ಹೊಳೆಯುವ ಕಣ್ಣಿಗೆ ಹೊಡೆಯುವುದು ಎರಡೂ ಕೂಡದು. ಕೇಪು ಕೂತ ಜಾಗದಲ್ಲೇ, ಕೊನೆಗೆ ಹಾಕುವುದು. ಸಂಕ ದಾಟುವಾಗ, ಬೇಲಿ ಹಾರುವಾಗ ಕೇಪು ಜೇಬಿನಲ್ಲಿರಲಿ. ಕೇಪು ಸಿಡಿದು ಈಡು ಆಗದಿದ್ದರೆ ಬಾಯಿಯನ್ನು ದರೆಯ ಕಡೆಗೇ ಹಿಡಿದು ಒಂದೆರಡು ನಿಮಿಷ ಕಾಯಬೇಕು. ಒಳಗೆ ಮದ್ದು ಹೊಗೆಯಾಡುತ್ತಾ ಇರಬಹುದು.

ಮನೆಗೆ ಬಂದ ರಾತ್ರಿಯೇ ಬಿಸಿನೀರಿನಲ್ಲಿ ನಳಿಗೆ ತೊಳೆದು, ಒಣಗಿಸಿ, ಎಣ್ಣೆ ಹಾಕಬೇಕು. ಕರಿಮದ್ದಿನ ಮಸಿ ತೇವ ಹೀರುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ನಾಳೆ ಅನ್ನುವಷ್ಟರಲ್ಲಿ ತುಕ್ಕು ಶುರು.

ಲೈಸೆನ್ಸ್ ಇದ್ದರೆ ಸಾಲದು

ಕೋವಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷೇಧ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. 11ನೇ ಸೆಕ್ಷನ್ನಿನಂತೆ ಬೆಳೆಗೆ ಅಪಾಯ ಆದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಆ ಕಾಗದ ಇಲ್ಲದೆ ಹೊಡೆದರೆ ಅಪರಾಧ. ಮಂಗ, ನವಿಲು, ಕಾಡುಕೋಣದ ಕಡೆ ಕೋವಿ ತಿರುಗಿಸುವ ಮಾತೇ ಬೇಡ, ಅವೆಲ್ಲ ಮೊದಲ ಪಟ್ಟಿಯಲ್ಲಿವೆ.

ನಮ್ಮ ಕಡೆಗೆ ಇನ್ನೊಂದು ವಿಷಯ ಮುಖ್ಯ. ಮೂಕಾಂಬಿಕಾ, ಸೋಮೇಶ್ವರ ಅಭಯಾರಣ್ಯಗಳು ನಮ್ಮ ಬೆನ್ನಿಗೇ ಇವೆ. ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗೆ ವಾಸಿಸುವ ಕೋವಿ ಲೈಸೆನ್ಸ್‌ದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂದು ಅದೇ ಕಾಯ್ದೆಯ 34ನೇ ಸೆಕ್ಷನ್ ಹೇಳುತ್ತದೆ. ಲಿಖಿತ ಅನುಮತಿ ಇಲ್ಲದೆ ಕೋವಿ ಹಿಡಿದು ಅಭಯಾರಣ್ಯದ ಒಳಗೆ ಕಾಲಿಡುವಂತಿಲ್ಲ. ಗಾಯಗೊಂಡ ಹಂದಿ ಗಡಿ ದಾಟಿದರೆ ನೀವು ಹಿಂಬಾಲಿಸುವ ಹಾಗಿಲ್ಲ. ಒಂದೇ ಈಡಿಗೆ ಬೀಳಿಸಲು ಆಗದವರು ಹೊಡೆಯಬಾರದು ಅನ್ನಲಿಕ್ಕೆ ಇದೂ ಒಂದು ಕಾರಣ. ಅನುಮತಿ ಪಡೆದು ಹೊಡೆದ ಹಂದಿಯೂ ಸರಕಾರದ ಆಸ್ತಿ, ನಮ್ಮ ಅಡುಗೆಮನೆಯದ್ದಲ್ಲ.

"ಇಷ್ಟೆಲ್ಲ ಯಾರ್ ಮಾಡುದ್? ಒಂದ್ ಉರುಳ್ ಇಟ್ರೆ ಆಯ್ತ್" ಅನ್ನುವವರೂ ಇದ್ದಾರೆ. ಉರುಳಿಗೆ ಚಿರತೆ ಬೀಳುತ್ತದೆ, ಸಿಡಿಮದ್ದಿಗೆ ನಮ್ಮದೇ ದನ ಬಾಯಿ ಹಾಕುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಸಿಡಿಮದ್ದು ಕಚ್ಚಿದ ಗಬ್ಬದ ಆನೆ ಹೊಳೆಯಲ್ಲಿ ನಿಂತು ಸತ್ತದ್ದನ್ನು ಮರೆಯಬಾರದು.

ಕೇಳಬೇಕಾದ್ದು ಎರಡು

ಕೇರಳದಲ್ಲಿ 2022ರಿಂದ ಹಂದಿ ಹೊಡೆಯುವ ಅನುಮತಿ ಕೊಡುವ ಅಧಿಕಾರ ಪಂಚಾಯತ್ ಮಟ್ಟಕ್ಕೆ ಬಂದಿದೆ. ಲೈಸೆನ್ಸ್ ಇರುವ ಗುರಿಕಾರರ ಪಟ್ಟಿ ಮಾಡಿ ಅವರಿಂದ ಕೆಲಸ ಮಾಡಿಸ್ತಾರೆ. ನಮ್ಮಲ್ಲೂ ಬರಲಿ ಅಂತ ಬೇಡಿಕೆ ಉಂಟು. ನನ್ನ ಅಭಿಪ್ರಾಯದಲ್ಲಿ ಅನುಮತಿ ಸುಲಭ ಆದರಷ್ಟೇ ಸಾಲದು. ಅಳತೆ ಇಲ್ಲದ ಕೋವಿಗಳಿಗೆ ಸುಲಭದ ಅನುಮತಿ ಸಿಕ್ಕಿದರೆ ಹಾಡಿಯಲ್ಲಿ ಗಾಯದ ಹಂದಿಗಳು ಹೆಚ್ಚಾಗುತ್ತವೆ, ಅಷ್ಟೇ.

ಹಾಗಾಗಿ ನಮ್ಮ ಕೃಷಿಕ ಸಂಘಗಳು ಎರಡು ಬೇಡಿಕೆ ಇಡಬೇಕು. ಒಂದು, ವರ್ಷಕ್ಕೊಮ್ಮೆ ಪೊಲೀಸ್ ಮತ್ತು ಅರಣ್ಯ ಇಲಾಖೆ ಸೇರಿ ಹೋಬಳಿ ಮಟ್ಟದಲ್ಲಿ ಕೋವಿ ಪರೀಕ್ಷೆಯ ದಿನ ಮಾಡಲಿ. ನಳಿಗೆ ನೋಡಲಿ, ಪ್ರಮಾಣ ಹೇಳಲಿ, ಐದು ಈಡು ಹೊಡೆಸಿ ದೂರ ನಿಗದಿ ಮಾಡಲಿ. ಅದರಲ್ಲಿ ಪಾಸಾದವರಿಗೆ ಮಾತ್ರ ಹಂದಿಯ ಅನುಮತಿ. ಎರಡು, ನಳಿಗೆ ಹಾಳಾದವರಿಗೆ 13ನೇ ಸೆಕ್ಷನ್ನಿನ ಆ ವಿನಾಯಿತಿಯಡಿ ತೋಟಾ ಕೋವಿಗೆ ಬದಲಾಯಿಸಲು ಅವಕಾಶ ಕೊಡಲಿ. ಫ್ಯಾಕ್ಟರಿಯ ತೋಟಾದಲ್ಲಿ ಮದ್ದು, ಗುಂಡು ಎರಡೂ ಅಳೆದೇ ಬಂದಿರುತ್ತದೆ. ಅಂಗೈ ಲೆಕ್ಕಕ್ಕೆ ಅಲ್ಲಿ ಜಾಗವೇ ಇಲ್ಲ.

ಅಲ್ಲಿಯ ತನಕ? ಸೋಲಾರ್ ಬೇಲಿಯ ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗೆ ಇರಲಿ, ಅದಕ್ಕೆ ಹುಲ್ಲು ತಾಗದಂತೆ ಸವರುತ್ತಾ ಇರಿ. ಹಾನಿಯಾದರೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಅಳತೆ ಆಗದ ಕೋವಿಯನ್ನು ರಿಪೇರಿಯವರು ನೋಡುವ ತನಕ ಖಾಲಿಯಾಗಿಯೇ ಇಡಿ. ನಳಿಗೆ ಗಟ್ಟಿ ಅಂತ ಅವರು ಹೇಳಿದರೆ, ಗುಂಡಿಲ್ಲದೆ ಬರೀ ಮದ್ದಿನ ಸದ್ದು ಮಾಡಿ ಓಡಿಸಬಹುದು. ಆಗಲೂ ಜಡಿದ ಬಿಲ್ಲೆ ಹತ್ತಿರದವರಿಗೆ ಅಪಾಯವೇ, ಬಾಯಿ ಯಾರ ಕಡೆಗೂ ಇರಬಾರದು.

ನಮ್ಮ ಕೋವಿಯ ಹತ್ತಿರ ಈಗ ಒಂದು ಹಿತ್ತಾಳೆಯ ಅಳತೆ, ಎರಡು ಗೀಟು ಹಾಕಿದ ಕೋಲು, ಒಂದು ಪುಸ್ತಕ ಇರುತ್ತದೆ. ಕಳೆದ ಎರಡು ವರ್ಷದಲ್ಲಿ ಆ ಪುಸ್ತಕದಲ್ಲಿ ಹಂದಿಗೆ ಹೊಡೆದ ಈಡು ಒಂದೇ ಒಂದು, 18 ಮೀಟರಿನಲ್ಲಿ, ಅಲ್ಲೇ ಬಿತ್ತು. "ದೂರ ಜಾಸ್ತಿ, ಹೊಡೆಯಲಿಲ್ಲ" ಅಂತ ಬರೆದ ಸಾಲು ಹನ್ನೊಂದು ಇವೆ. ಆ ಹನ್ನೊಂದು ರಾತ್ರಿಯಲ್ಲಿ ಸ್ವಲ್ಪ ಭತ್ತ ಹೋಯಿತು, ನಿಜ. ಆಚೆಮನೆಯ ಅಕ್ಕ ಮಾತ್ರ ಈಗಲೂ ಅದೇ ಹಾಡಿಗೆ ತರಗೆಲೆಗೆ ಹೋಗುತ್ತಾರೆ. ಹೋಗುವ ಮೊದಲು ಅಪ್ಪಯ್ಯನ ಹತ್ತಿರ ಕೇಳ್ತಾರೆ, "ನಿನ್ನೆ ರಾತ್ರಿ ಈಡ್ ಹೊಡ್ದಿರಿಯಾ?" ಅಂತ. ಇಲ್ಲ ಅಂದರೆ ಬುಟ್ಟಿ ಎತ್ತಿಕೊಂಡು ಹೊರಡುತ್ತಾರೆ.